ಪೇಟೆ ಬದಲಾಯಿಸಿದ ಗುಡ್ಡ

ನಮ್ಮ ಭಾವ ಹಿಂದಿನ ಮುಚ್ಚಳ ಬಿಚ್ಚಿ ನೋಡದೆ ಯಾವ ವಾಚನ್ನೂ ನಂಬಿದವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮುಂದಿನದನ್ನು ಓದುತ್ತಾ ಹೋದರೆ ನೀವು ಅವರನ್ನು ಶುದ್ಧ ಬೆಪ್ಪು ಅಂದುಕೊಳ್ಳುವ ಅಪಾಯವಿದೆ. ಅಕ್ಕನ ಗಂಡ ಅಂತ ನಾನು ವಹಿಸಿಕೊಂಡು ಮಾತಾಡುತ್ತಿಲ್ಲ. ವಹಿಸಿಕೊಳ್ಳುವ ಮನಸ್ಸಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ.

ಅವರದು ವಾಚ್ ರಿಪೇರಿ ಅಂಗಡಿ, ಪಕ್ಕದ್ದು ನನ್ನ ಜೆರಾಕ್ಸ್ ಅಂಗಡಿ. ನಡುವೆ ಇರುವುದು ಹಲಗೆಯ ಗೋಡೆ. ಅಲ್ಲಿ ಸೀನಿದರೆ ಇಲ್ಲಿ ಕೇಳಿಸುತ್ತದೆ. ಅವರ ಅಂಗಡಿಯ ಮುಂಭಾಗದಲ್ಲಿ ಗಾಜಿನ ಕೌಂಟರು, ಅದರ ಹಿಂದೆ ಭಾವ, ಭಾವನ ಹಿಂದೆ ಗೋಡೆ ತುಂಬ ಗಡಿಯಾರಗಳು. ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತದೆ. ಸರಿಯಾದ ಹೊತ್ತು ಬೇಕಾದವರು ನನ್ನ ಅಂಗಡಿಗೆ ಬಂದು ಕೇಳಿಕೊಂಡು ಹೋಗುತ್ತಾರೆ. ಗಡಿಯಾರಗಳ ಪಕ್ಕ ಒಂದು ಪರದೆ, ಪರದೆಯ ಆಚೆ ಅಕ್ಕನ ಹೊಲಿಗೆ ಮೆಷಿನ್ನು. ಅಕ್ಕ ಪ್ಯಾಂಟು ಗಿಡ್ಡ ಮಾಡುತ್ತಾಳೆ, ಸೊಂಟ ಬಿಗಿ ಮಾಡುತ್ತಾಳೆ, ಕಿತ್ತುಹೋದ ಝಿಪ್ಪು ಬದಲಾಯಿಸುತ್ತಾಳೆ. ಅವಳು ಕೂರುವ ಕಡೆ ಒಂದು ಕಿಟಕಿ, ಹಿಂದಿನ ಖಾಲಿ ಜಾಗಕ್ಕೆ ತೆರೆದುಕೊಳ್ಳುವಂಥದ್ದು. ಬೆಳಗಿನಿಂದ ಸಂಜೆಯವರೆಗೆ ಅದರಲ್ಲಿ ಬೆಳಕು ಬರುತ್ತದೆ. ಕಪ್ಪು ಬಟ್ಟೆಯ ಮೇಲಿನ ಕಪ್ಪು ಹೊಲಿಗೆಯನ್ನು ದಿನವಿಡೀ ಬಿಚ್ಚುವವರಿಗೆ ಮಾತ್ರ ಅಂಥ ಕಿಟಕಿಯ ಬೆಲೆ ಗೊತ್ತು. ಇಷ್ಟು ವರ್ಷ ದುಡಿದೂ ಕಣ್ಣು ಉಳಿದಿದೆ ಅಂದರೆ ಅದು ಈ ಕಿಟಕಿಯ ಪುಣ್ಯ ಅಂತ ಅಕ್ಕ ಹೇಳುತ್ತಿದ್ದಳು. ಗಂಡನ ಬಗ್ಗೆ ಅವಳು ಅಷ್ಟು ಒಳ್ಳೆಯ ಮಾತು ಆಡಿದ್ದನ್ನು ನಾನು ಕೇಳಿಲ್ಲ.

ಭಾವ ಕೆಲಸ ಮಾಡುವುದನ್ನು ನೀವು ನೋಡಬೇಕಿತ್ತು. ಒಮ್ಮೆ ಒಬ್ಬ ಗಿರಾಕಿ ಚಿನ್ನದ ಬಣ್ಣದ ವಾಚು ತಂದ. ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ಕೊಂಡದ್ದಂತೆ. “ಒಳ್ಳೇ ಮಾಲು ಸಾರ್, ತೂಕ ನೋಡಿ,” ಅಂದ. ಭಾವ ತೂಕ ನೋಡಲಿಲ್ಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಣ್ಣ ಚೂರಿಯಿಂದ ಹಿಂದಿನ ಮುಚ್ಚಳ ಎಬ್ಬಿಸಿದರು. ಒಳಗೆ ಅಂಗಿಯ ಗುಂಡಿಯಷ್ಟು ಸಣ್ಣ ಪ್ಲಾಸ್ಟಿಕ್ ಯಂತ್ರ. ಸುತ್ತಲಿನ ಖಾಲಿ ಜಾಗದಲ್ಲಿ ತೂಕ ಬರಲೆಂದು ಕೂರಿಸಿದ ಸೀಸದ ಬಿಲ್ಲೆ. ಗಿರಾಕಿಯ ಮುಖ ಇಳಿದುಹೋಯಿತು. “ಮೇಲಿನ ಥಳುಕು ನೋಡಿ ವಾಚು ಕೊಳ್ಳಬಾರದಪ್ಪಾ,” ಅಂತ ಸಮಾಧಾನ ಹೇಳಿ, ಸೆಲ್ ಹಾಕಿ ಕಳಿಸಿದರು. ಆಮೇಲೆ ಪರದೆ ಸರಿಸಿ ಅಕ್ಕನಿಗೆ ಹೇಳಿ ನಕ್ಕರು, ಹಲಗೆ ತಟ್ಟಿ ನನಗೂ ಹೇಳಿ ನಕ್ಕರು. ಜನ ಎಷ್ಟು ಸುಲಭವಾಗಿ ಟೋಪಿ ಹಾಕಿಸಿಕೊಳ್ಳುತ್ತಾರೆ ಅನ್ನುವುದು ಅವರಿಗೆ ಎಂದೂ ಬೇಸರ ತರಿಸದ ವಿಷಯವಾಗಿತ್ತು.

ಇಂಥ ಮನುಷ್ಯ ಒಂದು ಗುಡ್ಡ ಕೊಂಡರು. ಕೊಂಡರು ಅಂದರೆ, ದೂರದ ಯಾವುದೋ ದೇಶದಲ್ಲಿರುವ ಬೋಳು ಗುಡ್ಡವೊಂದರ ಕೆಳಗೆ ಲಿಥಿಯಂ ಇದೆಯೆಂದು ಹೇಳಿಕೊಳ್ಳುವ ಒಂದು ಸಣ್ಣ ಕಂಪನಿಯ ಷೇರು ಕೊಂಡರು. ಆದರೆ ನಮ್ಮ ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಯಾರೂ ಅದನ್ನು ಕಂಪನಿ ಅನ್ನಲಿಲ್ಲ. ಮೊದಲ ದಿನದಿಂದ ಅದು ಗುಡ್ಡವೇ.

ಅವರಿಗೆ ದುರಾಸೆ ಇತ್ತು ಅಂದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ಆದದ್ದು ಇಷ್ಟು. ಮೇಲಿನ ಮಹಡಿಯಲ್ಲಿದ್ದ ಯಜಮಾನಿಯಮ್ಮ ಭಾವ ಬಾಡಿಗೆಗಿದ್ದ ಅಂಗಡಿಯ ಜಾಗ ಮಾರಿ ಮಗಳ ಮನೆಗೆ ಹೋಗುವ ಮನಸ್ಸು ಮಾಡಿದರು. ನನ್ನ ಅಂಗಡಿ ಅವರ ತಮ್ಮನ ಪಾಲಿಗೆ ಸೇರಿದ್ದು, ಅದಕ್ಕೆ ತೊಂದರೆ ಇರಲಿಲ್ಲ. ಭಾವನನ್ನು ಕರೆದು ಆಕೆ, “ನೀವು ಹಳಬರು. ಬಾಡಿಗೆ ಕರಾರು ಮುಗಿಯೋವರೆಗೆ ಬೇರೆ ಯಾರಿಗೂ ಮಾತು ಕೊಡಲ್ಲ. ಅಷ್ಟರಲ್ಲಿ ಹೊಂದಿಸ್ಕೊಳ್ಳಿ,” ಅಂದರು. ಗಂಡ ಹೆಂಡತಿ ಕೂಡಿಟ್ಟದ್ದು ಇತ್ತು. ಕೇಳಿದ ಬೆಲೆಗೆ ಸ್ವಲ್ಪ ಕಡಿಮೆ ಬೀಳುತ್ತಿತ್ತು, ಅಷ್ಟೆ. ಏನೂ ಇಲ್ಲದವನು ಕೈಚೆಲ್ಲಿ ಸುಮ್ಮನಾಗುತ್ತಾನೆ. ಇನ್ನೇನು ಸಿಕ್ಕೇಬಿಟ್ಟಿತು ಅನ್ನುವಷ್ಟು ಹತ್ತಿರ ಇರುವವನ ನಿದ್ದೆ ಕೆಡುತ್ತದೆ. ಭಾವನ ನಿದ್ದೆ ಕೆಟ್ಟಿತು, ಹಾಗಾಗಿ ಅವರು ಫೋನು ನೋಡತೊಡಗಿದರು.

ಫೋನಿನಲ್ಲಿ ಒಬ್ಬ ಮೇಷ್ಟ್ರಿದ್ದರು. ಹಣ ಹೂಡುವುದು ಹೇಗೆ ಅಂತ ವಿಡಿಯೋದಲ್ಲಿ ಪಾಠ ಹೇಳುವವರು. ಅವರ ಹಿಂದೆ ಪುಸ್ತಕದ ಕಪಾಟು ಕಾಣುತ್ತಿತ್ತು. ಫ್ಯಾನು ತಿರುಗಿದಾಗ ಕಪಾಟು ಅಲೆಅಲೆಯಾಗಿ ಅಲ್ಲಾಡುತ್ತಿತ್ತು. ಭಾವ ಆ ಫೋನನ್ನು ಕೌಂಟರಿನ ಮೇಲೆ ನಿಲ್ಲಿಸಿ, ಕೆಲಸ ಮಾಡುತ್ತಲೇ ಪಾಠ ಕೇಳುತ್ತಿದ್ದರು. ಹಲಗೆಯ ಗೋಡೆಯ ದೆಸೆಯಿಂದ ನಾನೂ ಕೇಳುತ್ತಿದ್ದೆ.

“ಜಗತ್ತು ನಡೀತಿರೋದೇ ಬ್ಯಾಟರಿ ಮೇಲೆ. ಬ್ಯಾಟರಿಗೆ ಬೇಕಾದ್ದು ನಿರ್ಣಾಯಕ ಖನಿಜ,” ಅನ್ನುತ್ತಿದ್ದರು ಮೇಷ್ಟ್ರು. “ದೊಡ್ಡ ಕಂಪನಿ ಷೇರು ತಗೊಂಡು ಏನ್ಮಾಡ್ತೀರಿ, ಅದು ಬೆಳೆದಾಗಿದೆ. ಸಣ್ಣದನ್ನ ಹಿಡೀರಿ. ಅದರಲ್ಲೂ ಸಣ್ಣ ಷೇರುಪೇಟೆಯಿಂದ ದೊಡ್ಡ ಷೇರುಪೇಟೆಗೆ ಹೋಗ್ತಿರೋದನ್ನ ಹಿಡೀರಿ. ಗಲ್ಲಿ ಅಂಗಡಿ ಮೇನ್ ರೋಡಿಗೆ ಬಂದ್ರೆ ಗಿರಾಕಿ ಜಾಸ್ತಿ ಆಗಲ್ವಾ?”

ಅಂಗಡಿಯ ಚಿಂತೆಯಲ್ಲಿ ಮುಳುಗಿದ್ದ ಮನುಷ್ಯನಿಗೆ ಅಂಗಡಿಯ ಮಾತೇ ನಾಟಿತು. ಭಾವ ಚಿಮಟದಲ್ಲಿ ಒಂದು ವಾಚಿನ ಸೆಲ್ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು.

“ಇಷ್ಟು ಸಣ್ಣದು ಇಲ್ಲದಿದ್ರೆ ಎಂಥಾ ದೊಡ್ಡ ವಾಚೂ ನಿಂತುಹೋಗುತ್ತೆ ಕಣಯ್ಯಾ. ದಿನಾ ಮುಟ್ಟೋ ನನಗೇ ಇದು ಹೊಳೀಲಿಲ್ಲ ನೋಡು.”

“ಹಾಗಾದ್ರೆ ದಿನಾ ಪೇಪರು ಮುಟ್ಟೋ ನಾನು ಒಂದು ಕಾಡು ತಗೋಬೇಕಾ ಭಾವ?”

“ನಿನಗೆ ದೂರದೃಷ್ಟಿ ಇಲ್ಲ,” ಅಂದರು, ಕಣ್ಣಿನಿಂದ ಭೂತಗನ್ನಡಿ ತೆಗೆಯದೆ.

ಅಕ್ಕನಿಗೆ ಹೇಳಿದ್ದು ಕೊಂಡ ಮೇಲೆ. ಅವಳು ಮೆಷಿನ್ನಿನ ಚಕ್ರ ನಿಲ್ಲಿಸಿ, “ಎಲ್ಲಾ ಹಾಕಿಬಿಟ್ರಾ?” ಅಂತ ಕೇಳಿದಳು. “ಎಲ್ಲಾ ಏನಲ್ಲ,” ಅಂದರು ಭಾವ. “ಮತ್ತೆ ಎಷ್ಟು ಉಳಿದಿದೆ?” ಅಂದಳು. ಭಾವ ಹೊರಗೆ ಬಂದು ಒಂದು ಗಡಿಯಾರದ ಧೂಳು ಒರೆಸಿದರು. ಅದನ್ನು ಆಗಷ್ಟೇ ಒರೆಸಿದ್ದರು.

ಗುಡ್ಡದ ಫೋಟೋ ನನ್ನ ಅಂಗಡಿಯಲ್ಲೇ ಅಚ್ಚಾಯಿತು, ಬಣ್ಣದಲ್ಲಿ. ಲ್ಯಾಮಿನೇಶನ್ನೂ ನಾನೇ ಮಾಡಿಕೊಟ್ಟೆ. ಬೋಳು ಗುಡ್ಡ, ಅದರ ಮುಂದೆ ಹಳದಿ ಹೆಲ್ಮೆಟ್ಟಿನ ನಾಲ್ಕೈದು ಗಂಡಸರು, ಎಲ್ಲರೂ ಒಟ್ಟಿಗೆ ಎತ್ತಲೋ ಬೆರಳು ತೋರಿಸುತ್ತಿದ್ದಾರೆ. ಭಾವ ಅದನ್ನು ಎರಡು ಗಡಿಯಾರಗಳ ನಡುವೆ ನೇತುಹಾಕಿದರು. ಅಕ್ಕ ಬಹಳ ಹೊತ್ತು ನೋಡಿ, “ಗುಡ್ಡ ಇವರ ಬೆನ್ನ ಹಿಂದಿದೆ. ಇವರು ತೋರಿಸ್ತಿರೋದು ಏನನ್ನ?” ಅಂದಳು. ಭವಿಷ್ಯವನ್ನು ಅಂದರು ಭಾವ. ಎದುರಿನ ಕ್ಷೌರದವನಿಗೆ ಈ ಮಾತು ಹೇಗೋ ತಲುಪಿತು. ಅಂದಿನಿಂದ ಅವನು ರಸ್ತೆಯಾಚೆಯಿಂದಲೇ, “ಸಾಹುಕಾರ್ರೇ, ಗುಡ್ಡ ಕ್ಷೇಮವಾ?” ಅಂತ ವಿಚಾರಿಸತೊಡಗಿದ. ಭಾವ ಆ ಕೀಟಲೆಯನ್ನು ಗೌರವ ಅಂತಲೇ ಸ್ವೀಕರಿಸಿ, “ಕ್ಷೇಮ, ಕ್ಷೇಮ,” ಅನ್ನುತ್ತಿದ್ದರು.

ಗುಡ್ಡ ಮೊದಲ ಸಲ ಪೇಟೆ ಬದಲಾಯಿಸಿದಾಗ ಭಾವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪ್ರಕಟಣೆ ಬಂತು. ಅದನ್ನೂ ನಾನೇ ಪ್ರಿಂಟು ತೆಗೆದದ್ದು. ಷೇರುದಾರರ ದೀರ್ಘಕಾಲದ ಹಿತದೃಷ್ಟಿಯಿಂದ ಕಂಪನಿಯು ತನ್ನ ಬೆಳವಣಿಗೆಗೆ ಹೆಚ್ಚು ಸೂಕ್ತವಾದ ಷೇರುಪೇಟೆಗೆ ವರ್ಗಾವಣೆಗೊಳ್ಳುತ್ತಿದೆ ಅಂತ ಅದರಲ್ಲಿತ್ತು. ಆದರೆ ದೊಡ್ಡ ಪೇಟೆಗೆ ಒಂದು ಅಂತಸ್ತಿದೆಯಂತೆ. ಚಿಲ್ಲರೆ ಕಾಸಿಗೆ ಸಿಗುವ ಷೇರನ್ನು ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲವಂತೆ. ಅದಕ್ಕೆ ಕಂಪನಿಯವರು ಹತ್ತು ಷೇರು ಸೇರಿಸಿ ಒಂದು ಮಾಡಿದರು. ಬೆಳಗಾಗುವಷ್ಟರಲ್ಲಿ ಒಂದು ಷೇರಿನ ಬೆಲೆ ಹತ್ತು ಪಟ್ಟು.

ಭಾವ ಫೋನು ಹಿಡಿದು ಪರದೆ ಸರಿಸಿದರು. “ನೋಡೇ, ಹತ್ತು ಪಟ್ಟು.”

ಅಕ್ಕ ಹಲ್ಲಿನಿಂದ ದಾರ ಕಡಿದಳು. “ಷೇರು ಎಷ್ಟಿದೆ ಈಗ?”

“ಸಂಖ್ಯೆ ಕಡಿಮೆಯಾಗಿದೆ. ಆದ್ರೆ ಬೆಲೆ ನೋಡು.”

“ಹತ್ತು ಕರ್ಚೀಫು ಸೇರಿಸಿ ಒಂದು ಟವೆಲ್ ಹೊಲಿದ್ರೆ ಬಟ್ಟೆ ಜಾಸ್ತಿ ಆಗುತ್ತೇನ್ರೀ?”

ಹಲಗೆಯ ಈಚೆ ನಾನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡೆ. ಆದರೆ ಸತ್ಯ ಹೇಳಬೇಕಲ್ಲ, ಆಮೇಲೆ ಗುಡ್ಡ ನಿಜವಾಗಿಯೂ ಏರಿತು. ದೊಡ್ಡ ಪೇಟೆಯಲ್ಲಿ ಹೊಸ ಮುಖ ಕಂಡರೆ ಕೈಹಾಕುವ ಜನ ಇರುತ್ತಾರೆ. ಅವರೆಲ್ಲ ಮುಗಿಬಿದ್ದು ಕೊಂಡರು. ಬೆಲೆ ಏರುತ್ತಾ ಹೋಗಿ, ಒಂದು ಮಧ್ಯಾಹ್ನ ಭಾವ ಲೆಕ್ಕ ಹಾಕಿ ನೋಡಿದರೆ ಅಂಗಡಿ ಕೊಳ್ಳಲು ಕಡಿಮೆ ಬಿದ್ದಿದ್ದ ಆ ಸ್ವಲ್ಪವೂ ತುಂಬಿಬಂದಿತ್ತು. ಅದನ್ನು ಅವರೇ ಬಾಯಿಬಿಟ್ಟು ಹೇಳಿದರು. ಹೇಳದಿದ್ದರೆ ಚೆನ್ನಾಗಿತ್ತೇನೋ.

ಅಕ್ಕ ಎದ್ದು ಕೌಂಟರಿಗೆ ಬಂದಳು. ಕೆಲಸದ ಹೊತ್ತಿನಲ್ಲಿ ಅವಳು ಪರದೆಯ ಈಚೆ ಬರುವುದು ಅಪರೂಪ. “ಈಗ ಮಾರಿಬಿಡಿ. ಕಿಟಕಿ ನಮ್ಮದಾಗುತ್ತೆ,” ಅಂದಳು.

“ಬಸ್ಸು ಈಗ ತಾನೇ ಸ್ಟ್ಯಾಂಡ್ ಬಿಟ್ಟಿದೆ ಕಣೇ. ಈಗಲೇ ಇಳಿದ್ರೆ ಜನ ನಗ್ತಾರೆ.”

“ನಮ್ಮ ಮನೆ ಬಂತು ಅಂದ್ಮೇಲೆ ಇಳಿಯೋಕೆ ನಾಚಿಕೆ ಏನು?”

ಭಾವ ಇಳಿಯಲಿಲ್ಲ. ಫೋನಿನ ಮೇಷ್ಟ್ರು ಅದೇ ವಾರ, ನಿಜವಾದ ಲಾಭ ತಾಳ್ಮೆ ಇರೋರಿಗೆ ಮಾತ್ರ ಅಂತ ಪಾಠ ಮಾಡಿದ್ದರು. ನಮ್ಮ ಭಾವನಿಗೆ ತಾಳ್ಮೆ ವೃತ್ತಿಯಿಂದ ಬಂದದ್ದು. ಕೂದಲೆಳೆಯಂಥ ಸ್ಪ್ರಿಂಗನ್ನು ಕೂರಿಸಲು ಅರ್ಧ ದಿನ ಉಸಿರು ಬಿಗಿಹಿಡಿದು ಕೂರಬಲ್ಲ ಮನುಷ್ಯನಿಗೆ ತಾಳ್ಮೆಯಿಂದಿರಿ ಅನ್ನುವುದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿರಲಾರದು. ಅಕ್ಕ ಒಂದು ಮಾತನ್ನು ಎರಡು ಸಲ ಹೇಳುವವಳಲ್ಲ. ವಾಪಸ್ಸು ಹೋಗಿ ಪರದೆ ಎಳೆದುಕೊಂಡಳು. ನನಗೆ ಅವತ್ತು ಭಾವನ ಮೇಲೆ ಬಂದ ಸಿಟ್ಟು ಗುಡ್ಡದವರ ಮೇಲೆ ಕೂಡ ಎಂದೂ ಬಂದಿಲ್ಲ.

ಆಮೇಲೆ ಇಳಿಜಾರು. ಹೊಸ ಮುಖ ಹಳೆಯದಾಯಿತು, ಕೊಂಡವರು ಮಾರಿದರು. ಅಷ್ಟರಲ್ಲಿ ಲೋಕದಲ್ಲಿ ಲಿಥಿಯಮ್ಮಿನ ಬೆಲೆಯೂ ಕುಸಿಯಿತು. ಕಂಪನಿಯವರು ಎದೆಗುಂದಲಿಲ್ಲ. ಗುಡ್ಡದ ಕೆಳಗೆ ಕೋಬಾಲ್ಟ್ ಇರುವ ಬಲವಾದ ಸೂಚನೆಗಳು ಕಂಡಿವೆ ಅಂದರು. ಕೆಲವು ತಿಂಗಳು ಕಳೆದ ಮೇಲೆ ಕೋಬಾಲ್ಟಿನ ಸೂಚನೆಗಳು ಹಿಂದೆ ಸರಿದು ಆಂಟಿಮನಿಯ ಸೂಚನೆಗಳು ಮುಂದೆ ಬಂದವು. ಗುಡ್ಡ ಅದೇ, ಫೋಟೋ ಅದೇ, ಬೆರಳು ತೋರಿಸುವವರು ಅವರೇ. ಕೆಳಗೆ ಅಚ್ಚಾದ ಖನಿಜದ ಹೆಸರು ಮಾತ್ರ ಬೇರೆ. ಪ್ರತಿ ಸಲವೂ ಭಾವ ಹೊಸ ಪ್ರಿಂಟು ಹಾಕಿಸುತ್ತಿದ್ದರು. ಮೂರನೇ ಸಲ ನಾನು, “ಭಾವ, ಹೆಸರಿನ ಜಾಗ ಖಾಲಿ ಬಿಟ್ಟು ಲ್ಯಾಮಿನೇಟ್ ಮಾಡ್ತೀನಿ. ಸ್ಕೆಚ್ ಪೆನ್ನಲ್ಲಿ ಬರೀಬಹುದು, ಬೇಡ ಅಂದ್ರೆ ಒರೆಸಬಹುದು,” ಅಂದೆ. ಆ ದಿನ ಅವರು ನನ್ನ ಜೊತೆ ಟೀ ಕುಡಿಯಲಿಲ್ಲ.

ಬೆಲೆ ತಳ ಮುಟ್ಟುತ್ತಿರುವಾಗ ಗುಡ್ಡ ಎರಡನೇ ಸಲ ಪೇಟೆ ಬದಲಾಯಿಸಿತು. ಈ ಸಲ ಸಮುದ್ರದಾಚೆಗೆ. ಖನಿಜದ ಮೌಲ್ಯವನ್ನು ಅರಿತ ಪ್ರಬುದ್ಧ ಹೂಡಿಕೆದಾರರು ಇರುವ ಪೇಟೆ ಅಂತ ಪ್ರಕಟಣೆಯಲ್ಲಿತ್ತು. ಅಂದರೆ ಇಷ್ಟು ದಿನ ಕೊಂಡವರು ಅಪ್ರಬುದ್ಧರು ಅಂತಲೇ ಅರ್ಥ, ಅದನ್ನು ಅವರು ಮರ್ಯಾದೆಯಿಂದ ಹೇಳಿದ್ದರು. ಭಾವ ಆ ಕಾಗದವನ್ನು ಕೌಂಟರಿನ ಗಾಜಿನ ಕೆಳಗಿಟ್ಟು, “ಗುಡ್ಡ ನಿಂತಿಲ್ಲ ಕಣಯ್ಯಾ. ಸೆಲ್ ವೀಕ್ ಆಗಿದೆ ಅಷ್ಟೆ. ಹೊಸ ಪೇಟೆ ಅಂದ್ರೆ ಹೊಸ ಸೆಲ್,” ಅಂದರು.

ನಾನು ಕಿವಿಯಾರೆ ಕೇಳಿದ್ದೇನೆ, ನಿಂತ ವಾಚು ತಂದವರೆಲ್ಲ ಇದೇ ಮಾತು ಹೇಳುತ್ತಾರೆ. ಸೆಲ್ ಹಾಕಿಬಿಡಿ ಸಾರ್, ಓಡುತ್ತೆ. ಭಾವ ಒಬ್ಬರಿಗೂ ಸುಮ್ಮನೆ ಸೆಲ್ ಹಾಕಿದವರಲ್ಲ. ಒಳಗೆ ನೀರು ಹೋಗಿದೆಯಾ, ಚಕ್ರದ ಹಲ್ಲು ಸವೆದಿದೆಯಾ, ಯಂತ್ರ ಇದೆಯಾ ಅಂತ ನೋಡಿಯೇ ಮುಂದಿನ ಮಾತು. ಆ ಜಾಣತನವೆಲ್ಲ ಕೌಂಟರಿನ ಆ ಬದಿಯಲ್ಲಿ ನಿಂತವರಿಗೆ ಮಾತ್ರ ಮೀಸಲಾಗಿತ್ತು.

ಕೊನೆಗೆ ಕಂಪನಿಯ ವಾರ್ಷಿಕ ಸಭೆ ಬಂತು. ಷೇರುದಾರರು ಕಂಪ್ಯೂಟರಿನಲ್ಲೇ ಕೂತು ಭಾಗವಹಿಸಬಹುದು ಅಂತ ಕರೆ ಬಂದಿತ್ತು. ದೊಡ್ಡ ಪರದೆಯ ಕಂಪ್ಯೂಟರ್ ಇರುವುದು ನನ್ನ ಅಂಗಡಿಯಲ್ಲಿ, ಹಾಗಾಗಿ ಸಭೆ ನನ್ನ ಅಂಗಡಿಯಲ್ಲಿ. ಭಾವ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ತಲೆಗೆ ನೀರು ಸವರಿ ಬಾಚಿಕೊಂಡು ಬಂದರು.

“ಅವರಿಗೆ ನೀವು ಕಾಣಿಸಲ್ಲ ಭಾವ. ಕ್ಯಾಮೆರಾ ಅವರದ್ದು ಮಾತ್ರ ಆನ್ ಇರುತ್ತೆ.”

“ನನಗೆ ನಾನು ಕಾಣಿಸ್ತೀನಲ್ಲ,” ಅಂದರು.

ಪರದೆಯ ಮೇಲೆ ಕಂಪನಿಯ ಅಧ್ಯಕ್ಷರು ಬಂದರು. ಹಿಂದೆ ಪುಸ್ತಕದ ಕಪಾಟು. ಅದೂ ಅಲ್ಲಾಡುತ್ತಿತ್ತು. ಈ ವರ್ಷದ ಸಾಧನೆಗಳು ಅಂತ ಶುರುಮಾಡಿದರು. ಒಂದು ಪೇಟೆಯಿಂದ ಇನ್ನೊಂದಕ್ಕೆ ಯಶಸ್ವಿಯಾಗಿ ಬಂದದ್ದು ಸಾಧನೆ. ಅದಕ್ಕಾಗಿ ವಕೀಲರು ಪಟ್ಟ ಶ್ರಮ ಸಾಧನೆ. ಹೊಸ ಪೇಟೆಯ ಬಾಗಿಲಲ್ಲಿ ಗಂಟೆ ಬಾರಿಸಿದ ಫೋಟೋ ಸಾಧನೆ. ಮುಂದಿನ ವರ್ಷ ಇನ್ನೂ ಸೂಕ್ತವಾದ ಪೇಟೆಯ ಸಾಧ್ಯತೆಗಳನ್ನು ಪರಿಶೀಲಿಸುವ ನಿರ್ಧಾರ, ಅದು ಎಲ್ಲಕ್ಕಿಂತ ದೊಡ್ಡ ಸಾಧನೆ. ಪೂರ್ತಿ ಕೇಳಿದ ಮೇಲೆ ಪ್ರಶ್ನೆ ಕೇಳಬಹುದು ಅಂದರು. ಭಾವ ವಾರದಿಂದ ತಯಾರು ಮಾಡಿಟ್ಟುಕೊಂಡಿದ್ದ ಪ್ರಶ್ನೆಯನ್ನು ಹೇಳಿದರು, ನಾನು ಟೈಪು ಮಾಡಿದೆ. ಗುಡ್ಡದಲ್ಲಿ ಇಲ್ಲಿವರೆಗೆ ಎಷ್ಟು ಅಗೆದಿದ್ದೀರಿ, ಇಷ್ಟೇ.

ಅಷ್ಟು ಹೊತ್ತಿಗೆ ಅಕ್ಕನೂ ಬಂದು ಬಾಗಿಲಲ್ಲಿ ನಿಂತಿದ್ದಳು, ಕೊರಳಲ್ಲಿ ಅಳತೆಯ ಟೇಪು, ಸೀರೆಯ ಮೇಲೆಲ್ಲ ದಾರದ ಚೂರು.

ಅಧ್ಯಕ್ಷರು ಪ್ರಶ್ನೆ ಓದಿ ಮುಗುಳ್ನಕ್ಕರು. “ಬಹಳ ಒಳ್ಳೆಯ ಪ್ರಶ್ನೆ. ಅಗೆಯುವುದು ನಮ್ಮ ಯೋಜನೆಯ ಮುಂದಿನ ಹಂತ. ಅಗೆಯುವುದಕ್ಕೆ ಅನುಮತಿ ಬೇಕು, ಅನುಮತಿ ಕೇಳುವುದಕ್ಕೆ ಅಧ್ಯಯನ ಬೇಕು, ಅಧ್ಯಯನಕ್ಕೆ ಬಂಡವಾಳ ಬೇಕು. ಆ ಬಂಡವಾಳ ಸಿಗುವಂಥ ಪೇಟೆಯನ್ನು ನಾವು ಹುಡುಕುತ್ತಿದ್ದೇವೆ. ನಿಮ್ಮ ವಿಶ್ವಾಸಕ್ಕೆ ಧನ್ಯವಾದ.”

ಅಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೆ ಭಾವ ತಿರುಗಿ ಏನಾದರೂ ಅನ್ನಬಹುದಿತ್ತು. ಮಗ್ಗುಲಿಗೆ ಬಂದು ಮೆಲ್ಲಗೆ ಕೇಳಿದಳು:

“ಹಿಂದಿನ ಮುಚ್ಚಳ ಬಿಚ್ಚಿ ನೋಡಿದ್ರೇನ್ರೀ?”

ಭಾರದ ವಾಚು ತಂದಿದ್ದ ಆ ಗಿರಾಕಿಯ ಮುಖ ಹೇಗೆ ಇಳಿದಿತ್ತು ಅಂತ ಆಗಲೇ ಹೇಳಿದ್ದೇನೆ. ಇಸ್ತ್ರಿ ಅಂಗಿಯ ಮೇಲೆ ಆ ಮುಖ ಇನ್ನೂ ಕೆಟ್ಟದಾಗಿ ಕಾಣುತ್ತಿತ್ತು. ಭಾವ ಎದ್ದುಹೋಗಿ ತಮ್ಮ ಕೌಂಟರಿನಲ್ಲಿ ಕೂತರು. ಸಂಜೆಯವರೆಗೆ ಒಂದೇ ವಾಚನ್ನು ಬಿಚ್ಚಿ, ಮುಚ್ಚಿ, ಮತ್ತೆ ಬಿಚ್ಚುತ್ತಿದ್ದರು. ಸಂಕಟ ನೋಡಲಾರದೆ ನಾನೇ ಒಂದು ಟೀ ಕಳಿಸಿದೆ.

ಮರುದಿನ ಮಾರಲು ಹೋದರೆ ಕೊಳ್ಳುವವರಿಲ್ಲ. ಪ್ರಬುದ್ಧ ಹೂಡಿಕೆದಾರರು ನಿಜಕ್ಕೂ ಪ್ರಬುದ್ಧರಾಗಿದ್ದರು, ಒಬ್ಬರೂ ಕೈ ಹಾಕಲಿಲ್ಲ. ಇನ್ನಷ್ಟು ದಿನ ಕಳೆದು ಕೊನೆಯ ಪ್ರಕಟಣೆ ಬಂತು. ಪೇಟೆಯ ಶುಲ್ಕ, ನಿಯಮಗಳ ಹೊರೆಯಿಂದ ಮುಕ್ತವಾಗಿ ಮೂಲ ಉದ್ದೇಶದ ಮೇಲೆ ಗಮನ ಹರಿಸುವ ಸಲುವಾಗಿ ಕಂಪನಿಯು ಎಲ್ಲ ಷೇರುಪೇಟೆಗಳಿಂದ ಹೊರಬರುತ್ತಿದೆ. ಕಾರಣ: ಪ್ರತಿಕೂಲ ಮಾರುಕಟ್ಟೆ ಪರಿಸ್ಥಿತಿ. ಅಲ್ಲಿಗೆ ಇಬ್ಬರ ದುಡಿಮೆ ಮಣ್ಣುಪಾಲಾಯಿತು. ಆ ಗುಡ್ಡದ ಮಟ್ಟಿಗೆ ಮಣ್ಣಿನ ಕೆಲಸ ಅಂತ ನಡೆದದ್ದು ಅದೊಂದೇ. ಫೋನಿನ ಮೇಷ್ಟ್ರು ಗುಡ್ಡದ ವಿಡಿಯೋಗಳನ್ನೆಲ್ಲ ಅಳಿಸಿ, ಕುಡಿಯುವ ನೀರಿನ ಕಂಪನಿಗಳ ಬಗ್ಗೆ ಪಾಠ ಶುರುಮಾಡಿದ್ದರು.

ಕರಾರು ಮುಗಿಯಿತು. ಯಜಮಾನಿಯಮ್ಮ ನೊಂದುಕೊಂಡೇ ಜಾಗವನ್ನು ಮೊಬೈಲ್ ಕವರ್ ಮಾರುವವನಿಗೆ ಕೊಟ್ಟರು. ಅವನಿಗೆ ಗೋಡೆ ಬೇಕಿತ್ತು, ಕವರು ನೇತುಹಾಕಲು. ಬಂದ ದಿನವೇ ಹಿಂದಿನ ಕಿಟಕಿಗೆ ಪ್ಲೈವುಡ್ ಹೊಡೆಸಿದ. ಆ ಮೊಳೆಯ ಸದ್ದು ಹಲಗೆಯ ಗೋಡೆಯಲ್ಲಿ ನನಗೆ ಚೆನ್ನಾಗಿ ಕೇಳಿಸಿತು. ಪಕ್ಕದಲ್ಲಿ ಅಕ್ಕನೂ ಇದ್ದಳು. ಅವಳು ಬಾಬಿನ್ನಿಗೆ ದಾರ ಸುತ್ತುತ್ತಿದ್ದಳು, ತಲೆ ಎತ್ತಲಿಲ್ಲ.

ಅಕ್ಕ ನನ್ನ ಅಂಗಡಿಯಲ್ಲಿ ಯಾಕಿದ್ದಳು ಅಂದರೆ, ಭಾವನಿಗೆ ಸಿಕ್ಕ ಹೊಸ ಜಾಗ ಎದುರು ಕಟ್ಟಡದ ಮೆಟ್ಟಿಲ ಕೆಳಗೆ. ಅಲ್ಲಿ ಒಂದು ಸ್ಟೂಲು, ಒಂದು ಗಾಜಿನ ಪೆಟ್ಟಿಗೆ, ಕೆಲವು ಗಡಿಯಾರ, ಮತ್ತು ಬಗ್ಗಿ ಕೂತ ಭಾವ. ಅಷ್ಟಕ್ಕೇ ಜಾಗ ಮುಗಿಯಿತು. ಹೊಲಿಗೆ ಮೆಷಿನ್ನು ಹಿಡಿಸಲಿಲ್ಲ. ಅದನ್ನು ನನ್ನ ಬಾಗಿಲಿಗೂ ಜೆರಾಕ್ಸ್ ಮೆಷಿನ್ನಿಗೂ ನಡುವೆ ಇಟ್ಟೆವು. ಇಷ್ಟು ವರ್ಷ ಅವರಿಬ್ಬರ ನಡುವೆ ಇದ್ದದ್ದು ಒಂದು ಪರದೆ. ಈಗ ಒಂದು ರಸ್ತೆ.

ಜಾಗ ಬದಲಾಯಿಸಿದ ಮೇಲೆ ಗಿರಾಕಿಗಳಿಗೆ ಗೊತ್ತಾಗಬೇಕಲ್ಲ. ಹಳೆಯ ಅಂಗಡಿಯ ಕಂಬಕ್ಕೆ ಒಂದು ಸೂಚನೆ ಹಚ್ಚಲು ಮೊಬೈಲ್ ಕವರಿನವನು ಒಪ್ಪಿದ್ದ. ಭಾವ ನನ್ನ ಕಂಪ್ಯೂಟರಿನ ಪಕ್ಕ ನಿಂತು ಹೇಳಿದರು, ನಾನು ಟೈಪು ಮಾಡಿದೆ.

“ಬರ್ಕೋ. ನಮ್ಮ ಗ್ರಾಹಕರ ದೀರ್ಘಕಾಲದ ಹಿತದೃಷ್ಟಿಯಿಂದ, ನಮ್ಮ ಸಂಸ್ಥೆಯನ್ನು ಹೆಚ್ಚು ಸೂಕ್ತವಾದ ಸ್ಥಳಕ್ಕೆ ವರ್ಗಾಯಿಸಲಾಗಿದೆ.”

ನಾನು ಬೆರಳು ನಿಲ್ಲಿಸಿ ಅವರ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಅಷ್ಟು ಪ್ರಕಟಣೆಗಳನ್ನು ಓದೀ ಓದೀ ಆ ಭಾಷೆ ಅವರ ಬಾಯಲ್ಲಿ ಕೂತುಬಿಟ್ಟಿತ್ತು. ಪ್ರಿಂಟು ತೆಗೆದು ಕೊಟ್ಟೆ. ಅವರು ಅದನ್ನು ಅಕ್ಕನಿಗೆ ತೋರಿಸಿದರು.

ಅಕ್ಕ ಓದಿದಳು. ಟ್ಯೂಬ್‌ಲೈಟಿಗೆ ಹತ್ತಿರ ಹಿಡಿದು ಇನ್ನೊಮ್ಮೆ ಓದಿದಳು. “ಚೆನ್ನಾಗಿದೆ. ಇದನ್ನ ಓದಿದ್ರೆ ನಾನೂ ನಿಮ್ಮ ಷೇರು ತಗೋತಿದ್ದೆ,” ಅಂದಳು.

ಭಾವ ಆ ಹಾಳೆಯನ್ನು ವಾಪಸ್ಸು ತೆಗೆದುಕೊಂಡು, ರಸ್ತೆಯಾಚೆಯ ಮೆಟ್ಟಿಲ ಕಡೆ ನೋಡಿದರು, ಮತ್ತೆ ಹಾಳೆ ನೋಡಿದರು. ಅವರ ಕಿವಿ ಕೆಂಪಗಾಯಿತು. ಅದನ್ನು ಅಳಿಸಿ ಬೇರೆ ಬರ್ಕೋ ಅಂದರು. ಈ ಸಲ ತಡವರಿಸುತ್ತಾ, ಒಂದೊಂದು ಮಾತನ್ನೂ ಚಿಮಟದಲ್ಲಿ ಎತ್ತಿಡುವಂತೆ ಹೇಳಿದರು. ಅಂಗಡಿ ಕೊಳ್ಳಲು ಆಗಲಿಲ್ಲ. ವಾಚ್ ರಿಪೇರಿ ಎದುರು ಕಟ್ಟಡದ ಮೆಟ್ಟಿಲ ಕೆಳಗೆ. ಬಟ್ಟೆ ಆಲ್ಟರೇಶನ್ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ. ಅಲ್ಲಿಗೆ ಮುಗಿಯಿತು ಅಂದುಕೊಂಡು ನಾನು ಪ್ರಿಂಟು ಒತ್ತುವುದರಲ್ಲಿದ್ದೆ.

“ತಾಳು. ಕಾರಣ ಅಂತ ಹಾಕು,” ಅಂದರು. “ಕಾರಣ: ಯಜಮಾನನ ತಪ್ಪು.”

“ಅದ್ಯಾಕೆ ಭಾವ? ವಾಚು ಕೊಡೋಕೆ ಬರೋರಿಗೆ ಅದು ಯಾಕೆ ಬೇಕು?”

“ತೆಗಿಯೋ ಅದನ್ನ,” ಅಂದಳು ಅಕ್ಕ ನನಗೆ. ಅವಳ ದನಿ ಗಟ್ಟಿಯಾಗಿರಲಿಲ್ಲ.

“ಇರಲಿ,” ಅಂದರು ಭಾವ. ನನ್ನನ್ನಲ್ಲ, ಅವಳನ್ನು ನೋಡಿಕೊಂಡು. “ಆ ಗುಡ್ಡದವರು ಒಂದೇ ಒಂದು ಸಲ ಹೀಗೆ ಬರೆದಿದ್ರೆ, ನಿನ್ನ ಕಿಟಕಿ ಉಳೀತಿತ್ತು.”

ನಾನು ಲ್ಯಾಮಿನೇಟ್ ಮಾಡಿಕೊಟ್ಟದ್ದನ್ನು ಅಕ್ಕನೇ ತೆಗೆದುಕೊಂಡು ಹೋಗಿ ಕಂಬಕ್ಕೆ ಕಟ್ಟಿದಳು, ಪ್ಯಾಂಟು ಹೊಲಿಯುವ ಗಟ್ಟಿ ದಾರದಲ್ಲಿ, ನಾಲ್ಕು ಮೂಲೆಗೂ. ವಾಪಸ್ಸು ಬಂದಾಗ ಅವಳ ಮೆಷಿನ್ನಿನ ಮೇಲೆ ಭಾವ ತಮ್ಮ ಕೆಲಸದ ದೀಪ ಸಿಕ್ಕಿಸುತ್ತಿದ್ದರು, ಕತ್ತು ಬಗ್ಗುವ ದೀಪ, ವಾಚಿನ ಸಣ್ಣ ಸ್ಕ್ರೂಗಳನ್ನು ಹುಡುಕಲು ಇಟ್ಟುಕೊಂಡಿದ್ದದ್ದು.

“ಮತ್ತೆ ನಿಮಗೆ?” ಅಂದಳು.

“ನನಗೆ ರಸ್ತೆ ದೀಪ ಇದೆ,” ಅಂದರು. ಹಗಲು ಹೊತ್ತಿನಲ್ಲಿ ರಸ್ತೆ ದೀಪ ಉರಿಯುವುದಿಲ್ಲ. ಅದು ಮೂವರಿಗೂ ಗೊತ್ತಿತ್ತು.

ಕಂಬದ ಮೇಲಿನ ಸೂಚನೆಯನ್ನು ಓದಿದವರು ಮೊದಲು ನಗುತ್ತಾರೆ. ಆಮೇಲೆ ರಸ್ತೆ ದಾಟಿ ಮೆಟ್ಟಿಲ ಕೆಳಗೆ ಬಗ್ಗಿ ತಮ್ಮ ವಾಚು ಕೊಡುತ್ತಾರೆ. ಕೊಡುವಾಗ ಯಾರೂ ಈಗ ಬರೀ ಸೆಲ್ ಹಾಕಿ ಅನ್ನುವುದಿಲ್ಲ.